ದೃಷ್ಟಿಬೊಟ್ಟು

ಪವಯಿಯ ತಣ್ಣನೆ ಕೋಣೆಯಲ್ಲಿ
ನಕಾಶೆ ಬಿಚ್ಚಿದಾಗ ಗೋವಂಡಿ ನೀಲಿಯಾಗಿತ್ತು.
ಏಪ್ರಿಲ್ ಹದಿನೇಳು, ಬೆಳಿಗ್ಗೆ ಹತ್ತು ಐವತ್ತೊಂದು.
ಕಸದ ಗುಡ್ಡ ಕೆಂಡಗೆಂಪು,
ಹೆದ್ದಾರಿ ಕಿತ್ತಳೆ, ರೈಲ್ವೆ ಯಾರ್ಡು ಕಿತ್ತಳೆ,
ನಡುವೆ ಈ ಹೊಸ ತಗಡಿನ ಗಲ್ಲಿಗಳು ಮಾತ್ರ
ಕೆರೆಯ ಹಾಗೆ ನೀಲಿ.

ಖಾಡಿಯ ಕಾಂಡ್ಲಾ ಕಾಡಿನಷ್ಟೇ ತಂಪು
ಎಂದು ಬರೆದು, ಬರೆದದ್ದನ್ನು ನಂಬಲಾರದೆ
ಹಾರ್ಬರ್ ಲೈನ್ ಹತ್ತಿದೆ.
ಬ್ಯಾಗಿನಲ್ಲಿ ತಾಪ ಅಳೆಯುವ ಪಿಸ್ತೂಲು, ನೀರಿನ ಬಾಟಲಿ,
ವೈರಿಗೆ ಸುತ್ತುವ ಕಪ್ಪು ಟೇಪಿನ ಸುರುಳಿ.
ಕುರ್ಲಾದಲ್ಲಿ ಪೇದೆ ಬ್ಯಾಗು ತೆಗೆಸಿದ.
ಅವನ ಹಣೆಗೇ ಗುರಿಯಿಟ್ಟು ತೋರಿಸಿದೆ: ಮೂವತ್ತೈದು.
ಜ್ವರ ಇಲ್ಲ ಎಂದೆ. ನಗಲಿಲ್ಲ.

ಶೇವಂತಾಬಾಯಿ ಅಕ್ಕಲಕೋಟೆಯ ಕಡೆಯವಳು.
ಮನೆಯೊಳಗೆ ಕೂತು ಕಾರ್ಡಿಗೆ ಬಿಂದಿ ಅಂಟಿಸುತ್ತಾಳೆ,
ಗ್ರೋಸಿಗೆ ಇಷ್ಟು ಎಂದು.
ಮಾರ್ಚ್ ಬಂತೆಂದರೆ ಗೋಂದು ಕರಗಿ
ಬೊಟ್ಟುಗಳು ಜಾರುತ್ತವೆ;
ಜಾರಿದ ಕಾರ್ಡಿಗೆ ಸೇಠ್ ಕೂಲಿ ಹಿಡಿಯುತ್ತಾನೆ.
ಅವಳ ಬಳಿ ಥರ್ಮಾಮೀಟರಿಲ್ಲ, ಬೇಕೂ ಇಲ್ಲ.
ಕೆಂಪು ಬೊಟ್ಟು ಎಷ್ಟು ಸರಿಯಿತು ನೋಡಿ
ಹೊತ್ತು ಹೇಳುತ್ತಾಳೆ.

ಏಣಿ ಹಾಕಿ ಮೇಲೆ ಹೋದೆ.
ಹೊಚ್ಚಹೊಸ ತಗಡು, ಕಣ್ಣು ಕುಕ್ಕುವ ಹೊಳಪು.
ಕೈ ಇಟ್ಟೆ, ಕಿತ್ತೆ.
ಪಿಸ್ತೂಲು ಇಟ್ಟೆ: ಇಪ್ಪತ್ತಾರು.
ಬೆರಳ ತುದಿ ಚುರುಗುಟ್ಟುತ್ತಿದೆ, ಇದು ಇಪ್ಪತ್ತಾರು ಅನ್ನುತ್ತಿದೆ!

ತಗಡಿನ ಬುದ್ಧಿಯೇ ಹಾಗೆ:
ಒಳಗಿನ ಕಾವನ್ನು ಮೇಲಕ್ಕೆ ಬಿಟ್ಟುಕೊಡದು.
ಕೇಳಿದವರಿಗೆ ಆಕಾಶದ ತಂಪನ್ನೇ
ಕನ್ನಡಿ ಹಿಡಿದು ತೋರಿಸಿ ಕಳಿಸುತ್ತದೆ,
ಒಲೆ ಹೊತ್ತದ ಮನೆಯವರು
ಎಲೆಯಡಿಕೆ ಜಗಿಯುತ್ತ ಬಾಗಿಲಿಗೆ ಬಂದ ಹಾಗೆ.
ಏಳುನೂರು ಕಿಲೋಮೀಟರ್ ಮೇಲಿನ ಕಣ್ಣು
ಉಂಡಿದ್ದಾರೆ ಎಂದು ಬರೆದುಕೊಂಡು
ಮುಂದಿನ ಊರಿಗೆ ಹೋಗುತ್ತದೆ.

ಎರಡಂಗುಲ ಟೇಪು ಹರಿದು ತಗಡಿಗೆ ಒತ್ತಿದೆ.
ಕಪ್ಪಿಗೆ ಮುಚ್ಚುಮರೆ ಗೊತ್ತಿಲ್ಲ.
ಐದು ನಿಮಿಷ ಬಿಟ್ಟು ಅದರ ಮೇಲೆ ಗುರಿಯಿಟ್ಟೆ:
ಐವತ್ತೆಂಟು ಬಿಂದು ನಾಲ್ಕು.

ಕೆಳಗಿನಿಂದ ದನಿ:
"ಮನಿಗಿ ದೃಷ್ಟಿಬೊಟ್ಟು ಇಟ್ಟೀ ಏನ್ ತಂಗಿ?"
ಹೌದವ್ವಾ ಅಂದೆ. ಆಮೇಲೆ, ಅಲ್ಲ ಅನ್ನಿಸಿತು.
ಕೂಸಿನ ಕೆನ್ನೆಗೆ ಕಾಡಿಗೆ ಇಡುವುದು
ಯಾರ ಕಣ್ಣೂ ಬೀಳದಿರಲಿ ಎಂದು.
ಇದು, ಒಂದು ಕಣ್ಣಾದರೂ
ಸರಿಯಾಗಿ ಬೀಳಲಿ ಎಂದು.

"ಅಷ್ಟ್ ಮ್ಯಾಲಿಂದ ಇದು ಅದಕ ಕಾಣಸ್ತದೇನು?"
ಇಲ್ಲ. ಅದರ ಒಂದೇ ಚುಕ್ಕೆಯೊಳಗೆ
ನಿಮ್ಮ ಗಲ್ಲಿ, ಮಸೀದಿಯ ಅಂಗಳ, ಆ ಕಾಡುಬಾದಾಮಿ,
ಗಟಾರ, ನಲ್ಲಿಯ ಮುಂದಿನ ಕೊಡಗಳ ಸಾಲು,
ಎಲ್ಲಕ್ಕೂ ಸೇರಿ ಒಂದು ಅಂಕೆ.
"ಮತ್ತ ಯಾರಿಗಿ ಇಟ್ಟಿ?"
ನನಗೇ. ಹೋಗಿ ಲೆಕ್ಕ ತಿದ್ದಬೇಕಲ್ಲ.

ಅವಳು ಬೊಟ್ಟೊಂದನ್ನು ಉಗುರಿನಿಂದ
ಜಾಗಕ್ಕೆ ತಳ್ಳಿ ಹೇಳಿದಳು:
"ಹನ್ನೊಂದಕ್ಕ ಬಂದು ಏನ್ ಅಳೀತಿ?
ರಾತ್ರಿ ಬಾ. ಗ್ವಾಡಿಗಿ ಕೈ ಹಚ್ಚಿ ನೋಡು."

ಎಂಟು ದಿನಕ್ಕೆ ಆ ಕಣ್ಣು ಮತ್ತೆ ಹಾಯುವ ಹೊತ್ತು,
ಮತ್ತೆ ಹೋದೆ.
ಟೇಪು ನಾನಿಟ್ಟಲ್ಲಿ ಇರಲಿಲ್ಲ.
ಎರಡು ಮೊಳ ಆಚೆ, ಮೊಳೆಯ ತೂತಿನ ಮೇಲೆ ಕೂತಿತ್ತು.
ಅಲ್ಲಿಂದ ದಿನವೂ ಬಿಸಿಲಿನ ಒಂದು ರೂಪಾಯಿ
ಮಲಗಿದ ಮೊಮ್ಮಗಳ ರೆಪ್ಪೆಗೆ ಬೀಳುತ್ತಿತ್ತಂತೆ.
"ಇನ್ನೂ ನಾಕೈದು ಹರದ್ ಕೊಡು. ಮಳಿಗಾಲ ಬಂತು."

ನನಗೊಂದು ತುಂಡು ಇಟ್ಟುಕೊಂಡು ಸುರುಳಿಯನ್ನೇ ಕೊಟ್ಟೆ.

ಜೂನಿನಿಂದ ನನ್ನ ನಕಾಶೆಯಲ್ಲಿ ಗೋವಂಡಿ
ಕೆಂಪೂ ಅಲ್ಲ, ನೀಲಿಯೂ ಅಲ್ಲ, ಬರೀ ಬಿಳಿ.
ಮೋಡ ದಾಟಿ ನೋಡಲು ಆ ಕಣ್ಣಿಗೆ ಬಾರದು.
ಎಷ್ಟು ತೂತು ಮುಚ್ಚಿದವು,
ಎಲ್ಲಿ ಇನ್ನೂ ಸೋರುತ್ತಿದೆ,
ಹೋಗಿಯೇ ನೋಡಬೇಕು.